ಕಾಕಾನ ಅಂಗಡಿಯ ಫೋನು

ಯಲ್ಲೇಶನಿಗೆ ಕಂಪ್ಯೂಟರ್ ಕಲಿಸಿದವನೇ ತೇಜಸ. ಅಪ್ಪ, ಹುಕ್ಕೇರಿಯ ಬಟ್ಟೆ ವ್ಯಾಪಾರಿ ಶ್ರೀಪಾಲರು, ತನಗೆಂದು ತಂದ ಯಂತ್ರದ ಎದುರು, ಮೂಡಲಗಿಯ ಕುರುಬರ ಹುಡುಗನಿಗೆ ಕುರ್ಚಿ ಕೊಟ್ಟು, ಚಹಾ ಕೊಟ್ಟು, ಒಂದೊಂದೇ ಗುಂಡಿ ತೋರಿಸಿಕೊಟ್ಟಿದ್ದ. ಈಗ ಆ ಹುಡುಗ ಪುಣೆಯ ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ಗುರುವನ್ನೇ ಹಿಂದೆ ಹಾಕಿ ಕೂತಿದ್ದ. ಎರಡು ಸಾವಿರದ ಮೂರನೇ ಇಸವಿ; ಗೋಕಾಕದ ಬಳಿಯ ಅವರ ಕಾಲೇಜಿನಿಂದ ಆ ಕಂಪನಿ ಇಂಟರ್ನ್‌ಶಿಪ್ಪಿಗೆ ತೆಗೆದುಕೊಳ್ಳುವುದು ಒಬ್ಬನನ್ನೇ. ಕಣದಲ್ಲಿ ಉಳಿದವರು ಇವರಿಬ್ಬರು, ಬಾಕಿ ಇದ್ದದ್ದು ಫೋನಿನ ಸಂದರ್ಶನ. ಶ್ರೀಪಾಲರಂತೂ ಆಗಲೇ ಬಾಯಲ್ಲೇ ಮಗನನ್ನು ಪುಣೆಗೆ ಕಳಿಸಿ, ಪೇಟೆಗೆಲ್ಲ ಸುದ್ದಿ ಹಂಚಿ ಮುಗಿಸಿದ್ದರು. ಆ ಪೇಟೆಯಲ್ಲಿ ಇನ್ನು ಹೇಗೆ ಮುಖ ಎತ್ತಿ ಅಡ್ಡಾಡುವುದು ಎಂಬ ಹೆದರಿಕೆಗೆ ತೇಜಸನಿಗೆ ಅನ್ನ ಸೇರುತ್ತಿರಲಿಲ್ಲ.

ದಾರಿ ತೋರಿಸಿದ್ದು ಆ ಹೆದರಿಕೆಯೇ. ಯಲ್ಲೇಶನ ಮನೆಯಲ್ಲಿ ಫೋನಿರಲಿಲ್ಲ. ಅರ್ಜಿಯಲ್ಲಿ ಅವನು ಕೊಟ್ಟದ್ದು ಮೂಡಲಗಿಯ ತನ್ನ ಮನೆಯ ಬಾಜೂ ಇದ್ದ ಕಿರಾಣಿ ಅಂಗಡಿಯ ನಂಬರು. ಆ ಅಂಗಡಿ ತೇಜಸನ ಕಾಕಾ, ಅಪ್ಪನ ತಮ್ಮ ಧನ್ಯಕುಮಾರರದು. ಭಾನುವಾರ ಬೆಳಿಗ್ಗೆ ತೇಜಸನಿಗೆ, ಮಧ್ಯಾಹ್ನ ಯಲ್ಲೇಶನಿಗೆ ಫೋನು ಬರುತ್ತದೆ, ಅವನಿಗೂ ತಿಳಿಸಿಬಿಡು ಎಂದು ಕಾಲೇಜಿನ ಮಾಸ್ತರರು ಹೇಳಿದ್ದು ತೇಜಸನಿಗೇ. ತೇಜಸ ತಿಳಿಸಿದ. ಮಂಗಳವಾರ ಎಂದು ತಿಳಿಸಿದ.

ಫೋನು ಎತ್ತದೆ ಬಿಟ್ಟರೆ ಸಾಲದು; ಕಂಪನಿಯವರು ಇನ್ನೊಂದು ದಿನ ಮಾಡಿಯಾರು. ಎತ್ತಬೇಕು, ಯಲ್ಲೇಶನೆಂದು ಹೇಳಿಕೊಳ್ಳಬೇಕು, ಶುದ್ಧ ದಡ್ಡನಂತೆ ಉತ್ತರಿಸಬೇಕು. ಮಂಗಳವಾರ ಫೋನು ಬಾರದಿದ್ದರೆ ಯಲ್ಲೇಶ ತನ್ನ ಹಣೆಬರಹ ಅಂದುಕೊಳ್ಳುತ್ತಾನೆ. ಕಂಪನಿಯವರು, ಈ ಹುಡುಗ ಪರೀಕ್ಷೆಯಲ್ಲಿ ನಕಲು ಹೊಡೆದಿರಬೇಕು ಅಂದುಕೊಳ್ಳುತ್ತಾರೆ. ಬೇಡವಾದವನಿಗೆ ಯಾಕೆ ಬೇಡವೆಂದು ಯಾವ ಕಂಪನಿಯೂ ಹೇಳುವುದಿಲ್ಲ. ತೇಜಸ ಎಷ್ಟು ತಿರುವಿ ನೋಡಿದರೂ ಅದರಲ್ಲಿ ಒಂದು ತೂತು ಕಾಣಲಿಲ್ಲ.

ಭಾನುವಾರ ಕಾಕಾನ ಮನೆಮಂದಿಯೆಲ್ಲ ಸಾಂಗಲಿಗೆ ನಿಶ್ಚಿತಾರ್ಥಕ್ಕೆ ಹೊರಟರು. ಮನೆ, ಅಂಗಡಿ ಕಾಯಲು ತಾನು ಬರುವುದಾಗಿ ತೇಜಸ ಹೇಳಿದಾಗ ಕಾಕೂ ಸುಂದರಾಬಾಯಿ, ಇಂಥ ಹುಡುಗ ಎಲ್ಲ ಮನೆಯಲ್ಲೂ ಇರಬೇಕು ಎಂದು ಹೊಗಳಿ ಕೀಲಿ ಎಲ್ಲಿಟ್ಟಿರುತ್ತೇನೆಂದು ಹೇಳಿದರು. ಬೆಳಿಗ್ಗೆ ಹುಕ್ಕೇರಿಯಲ್ಲಿ ತನ್ನ ಸಂದರ್ಶನವನ್ನು ಚೆನ್ನಾಗಿಯೇ ಮುಗಿಸಿ, ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಅವನು ಮೂಡಲಗಿಗೆ ಬಂದ. ಅಂಗಡಿಯ ಶಟರ್ ಎತ್ತಿ ಒಳಹೊಕ್ಕು, ಮತ್ತೆ ಅರ್ಧ ಇಳಿಸಿದ. ಬೆಳಿಗ್ಗೆ ತನ್ನನ್ನು ಪ್ರಶ್ನಿಸಿದ ಪುಣೆಯ ಸಾಹೇಬರೇ ಈಗಲೂ ಮಾತಾಡುವವರು. ಆದ್ದರಿಂದ ದನಿ ದಪ್ಪಗಾಗಲೆಂದು ದವಡೆಗೊಂದು ಅಡಿಕೆ ಒತ್ತರಿಸಿಕೊಂಡ.

ಶಟರ್ ಕೆಳಗೆ ಒಂದು ಮುಖ ಬಗ್ಗಿತು. ಯಲ್ಲೇಶನ ತಾಯಿ ಕೆಂಚವ್ವ.

“ತಮ್ಮಾ, ಒಳಗ ನೀ ಅದಿ ಏನು? ನಮ್ಮ ಯಲ್ಲೇಶನ ಫೋನ್ ಬಂತೇನು?”

“ಇಲ್ಲ ಯವ್ವಾ. ಅದು ಮಂಗಳವಾರ ಐತಿ.”

“ಆಂವ ಈಗ ಕಟಿಂಗ್ ಮಾಡ್ಸಾಕ ಹೋಗ್ಯಾನ. ಫೋನಿನ್ಯಾಗ ಮಾರಿ ಕಾಣಂಗಿಲ್ಲೋ ಅಂದ್ರ, ಸಾಹೇಬರ ಮುಂದ ಹಿಂಗ ಹೆಂಗ ಕೂಡೂದು ಅಂತಾನ. ನೀ ಅದಿ ಅಂತ ನಮಗ ಧೈರ್ಯ ನೋಡು.”

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಎತ್ತಪಾ, ಯಾರದೋ ಏನೋ ಎಂದು ಕೆಂಚವ್ವ ಅಲ್ಲಿಯೇ ನಿಂತಳು. ಕಾಕಾನ ಗಿರಾಕಿಗಳದು, ತಾನೇ ನಿಲ್ಲುತ್ತದೆ ಎಂದ ಅವನು. ನಿಂತೇ ಬಿಟ್ಟಿತು. ಇನ್ನು ಅವರು ಮತ್ತೆ ಮಾಡದಿದ್ದರೆ? ಆಕೆ ಸೆರಗು ಸರಿಮಾಡಿಕೊಂಡು, ಮಳೆ ಮೋಡದ ಮಾತೆತ್ತಿ, ಕೊನೆಗೂ ಹೋದಳು. ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಬಂತು.

ಅವನು ಯಲ್ಲೇಶನಾದ. ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ ಸುಲಭದ ಪ್ರಶ್ನೆಗೂ ತಡವರಿಸಿದ. ಸ್ಟ್ಯಾಕಿನಲ್ಲಿ ಕೊನೆಗೆ ಇಟ್ಟದ್ದು ಮೊದಲು ಬರುತ್ತದೆಂದು ಗೊತ್ತಿದ್ದೂ, ಕೊನೆಗೇ ಬರುತ್ತದೆ ಎಂದ. ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರನ್ನು ಪರದೆಯ ಮೇಲೆ ಓಡಾಡುವ ಬಾಣ ಎಂದ. ಪರೀಕ್ಷೆಯಲ್ಲಿ ಬರೆದ ಪ್ರೋಗ್ರಾಮು ಯಾರದೆಂದು ಕೇಳಿದರೆ, ಗೆಳೆಯನದು ಎಂದ. ಸಾಹೇಬರಿಗೆ ನಂಬಿಕೆಯೇ ಬರದೆ ಒಂದೊಂದನ್ನೂ ಎರಡು ಸಲ ಕೇಳಿದರು, ಅವಸರವಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಆ ಒಳ್ಳೆಯತನ ತೇಜಸನಿಗೆ ಚುಚ್ಚಿತು, ಆದರೂ ಅವನು ತಪ್ಪನ್ನು ತಪ್ಪದೆ ಹೇಳುತ್ತ ಹೋದ.

ಕೊನೆಗೆ ಸಾಹೇಬರು ನಿಟ್ಟುಸಿರಿಟ್ಟು, ಆಯಿತು ಯಲ್ಲೇಶ, ಇಲ್ಲಿಗೆ ಸಾಕು, ಒಳ್ಳೆಯದಾಗಲಿ ಎಂದರು. ತೇಜಸನ ಎದೆಯ ಮೇಲಿನ ಕಲ್ಲು ಇಳಿಯಿತು; ಹಗುರಾದ ನಾಲಿಗೆ, ಹುಟ್ಟಿದಾಗಿನಿಂದ ಅವನ ಮನೆಯಲ್ಲೂ ಕಾಕಾನ ಮನೆಯಲ್ಲೂ ಪ್ರತಿ ಫೋನಿನ ಕೊನೆಗೆ ಆಡುವುದನ್ನು ತಾನಾಗಿ ಆಡಿತು: “ಜೈ ಜಿನೇಂದ್ರ, ಸರ್.” ಜೈನರ ಮನೆಯ ಮಾತು ಕುರುಬರ ಹುಡುಗನ ಬಾಯಲ್ಲಿ. ರಿಸೀವರ್ ಇಡಲು ಹೊರಟ ಕೈ ಅಲ್ಲಿಯೇ ನಿಂತಿತು. ಆ ತುದಿಯಿಂದ ಸಾಹೇಬರು ಮೆಲ್ಲಗೆ, “ತೇಜಸ, ಬೆಳಿಗ್ಗೆಯೂ ನೀನು ಹೀಗೆಯೇ ಹೇಳಿ ಫೋನ್ ಇಟ್ಟೆ,” ಎಂದರು. “ಈಗ ಹೋಗಿ ಯಲ್ಲೇಶನನ್ನು ಕರೆದುಕೊಂಡು ಬಾ. ನಾನು ಕಾಯುತ್ತೇನೆ.”