ಎಡಸುತ್ತಿನ ಕೋಲು

ಹಳೆಯ ಪರದೆಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಹೆಗಲ ಮೇಲೆ ಹೊತ್ತು ಅವನು ಅಂಗಡಿಯೊಳಕ್ಕೆ ಬಂದಾಗ, ಪರದೆ ಕಂಬಿ ರಿಪೇರಿ ಪಕ್ಕದ ಅಂಗಡಿಯಲ್ಲಿ ಎಂದು ಸುರುಳಿ ತಲೆಯೆತ್ತದೆಯೇ ಹೇಳಿಬಿಟ್ಟಳು. ಅವನು ಮರುಮಾತಾಡದೆ ಪಕ್ಕದ ಅಂಗಡಿಗೆ ಹೋದ. ಅವರೂ ಸಾಗಹಾಕಿದ ಮೇಲೆ ಮರಳಿ ಬಂದು, ಅವಳ ಮೇಜಿನ ಮೇಲೆ ಗಂಟು ಬಿಚ್ಚಿದ.

ಒಳಗಿದ್ದದ್ದು ಗಾಳದ ಕೋಲು. ಹುಸಿನೊಣ ಕಟ್ಟಿ ನೀರಿನ ಮೇಲೆ ಹಗುರಾಗಿ ಬೀಸುವ ಫ್ಲೈ ರಾಡ್. ಜೇನುಬಣ್ಣದ, ಹಳೆಯ ಕಾಲದ ಫೈಬರ್‌ಗ್ಲಾಸಿನದು.

ಸುರುಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವನು ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರಿನವರ ಮೂಗಿಗೆಲ್ಲ ಕನ್ನಡಕ ಕೂರಿಸುವವನ ಕನ್ನಡಕವೇ ಮೂಗಿನ ತುದಿಗೆ ಜಾರಿ ನಿಂತಿತ್ತು. ಅವಳು ನಕ್ಕದ್ದನ್ನು ಕಂಡು ಅವನು ಅದನ್ನು ಮೇಲೆ ತಳ್ಳಿಕೊಂಡ. ಅದು ಮತ್ತೆ ಜಾರಿತು.

ಗುಂಗುರು ಕೂದಲಿಗೂ ದಿನವಿಡೀ ಕೈಯಲ್ಲಿರುವ ದಾರದುಂಡೆಗೂ ಸೇರಿ ಅವಳಿಗೆ ಆ ಹೆಸರು ಬಿದ್ದಿತ್ತು. ಗಾಳದ ಸಾಮಾನಿನ ಆ ಅಂಗಡಿ ಅಣ್ಣನದು. ಗಿರಾಕಿಗಳ ಹತ್ತಿರ ಮಾತಾಡುವುದು ಅವನ ಪಾಲು, ಮುರಿದ ಕೋಲುಗಳಿಗೆ ಜೀವ ಕೊಡುವುದು ಇವಳ ಪಾಲು.

ಈ ಕೋಲನ್ನು ಮಾಡಿದವರು ಯಾರು ಎಂಬುದೇ ಅವನ ಪ್ರಶ್ನೆಯಾಗಿತ್ತು. ಕೋಲಿನ ಮೇಲೆ ಹೆಸರಿಲ್ಲ, ಗುರುತಿಲ್ಲ. ಊರಿನ ಗಾಳಗಾರರ ಕ್ಲಬ್ಬು ತೀರಿಹೋದ ತನ್ನ ಸ್ಥಾಪಕರೊಬ್ಬರು ಮಾಡಿದ ಕೋಲುಗಳ ಪ್ರದರ್ಶನ ಇಡಲಿತ್ತು. ಕ್ಲಬ್ಬಿನ ಕಾರ್ಯದರ್ಶಿ ಇದನ್ನು ಕಂಡವರೇ, ಸಂಶಯವೇ ಇಲ್ಲ, ಇದೂ ನಮ್ಮ ಹಿರಿಯರದೇ ಎಂದುಬಿಟ್ಟಿದ್ದರು. ಆದರೆ ಇವನನ್ನು ಸಾಕಿ ಬೆಳೆಸಿದ ಸೋದರತ್ತೆ ಹರೆಯದಲ್ಲಿ ಅದೇ ಹಿರಿಯರ ಕೋಲಿನ ಕಾರ್ಖಾನೆಯಲ್ಲಿ ದುಡಿದವಳು. ಈ ಕೋಲು ನಾನು ಮಾಡಿದ್ದು ಎಂದು ಅವಳು ಹೇಳಿದಾಗಲೆಲ್ಲ ಮನೆಮಂದಿ ನಕ್ಕಿದ್ದರು.

“ನಾನೂ ನಕ್ಕಿದೀನಿ. ಈಗ ಅದು ಚುಚ್ಚುತ್ತೆ. ನೀವು ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿ,” ಎಂದ.

ಅಂದಿನಿಂದ ಅವನು ಸಂಜೆ ಸಂಜೆ ತನ್ನ ಅಂಗಡಿಯ ಬಾಗಿಲೆಳೆದು ಇಲ್ಲಿಗೆ ಬರತೊಡಗಿದ. ಮೊದಲು ಒಳ್ಳೆಯ ಭೂತಗನ್ನಡಿ ತಂದುಕೊಟ್ಟ. ಮರುದಿನ ಅದನ್ನು ಒರೆಸುವ ಬಟ್ಟೆ ತಂದ. ಆಮೇಲೆ ನೆಪ ತರುವುದನ್ನೇ ಬಿಟ್ಟ.

ಒಂದೇ ದೀಪದಡಿ ಇಬ್ಬರೂ ಬಗ್ಗಿ ಕೂರುತ್ತಿದ್ದರು. ನೋಡಬೇಕಾದದ್ದು ದಾರವನ್ನು, ನನ್ನನ್ನಲ್ಲ ಎಂದು ಒಮ್ಮೆ ಅವಳು ಗದರಿದಳು.

“ಏನ್ ಮಾಡ್ಲಿ, ನಂಗೆ ದೂರದ್ದು ಕಾಣಲ್ಲ. ಹತ್ರ ಇರೋದೇ ಚೆನ್ನಾಗಿ ಕಾಣೋದು.”

ಆ ಸಂಜೆ ಸುರುಳಿ ಸುತ್ತಿದ ದಾರವನ್ನು ಮರುದಿನ ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕಾಯಿತು.

ಕೋಲಿನುದ್ದಕ್ಕೂ ನೂಲು ಹಾಯಲು ಸಣ್ಣ ಸಣ್ಣ ಬಳೆಗಳಿರುತ್ತವೆ. ಅವನ್ನು ರೇಷ್ಮೆದಾರದಿಂದ ಬಿಗಿದು ಕಟ್ಟುತ್ತಾರೆ. ಈ ಕೋಲಿನಲ್ಲಿ ದಾರದ ಸುತ್ತುಗಳು ತಿರುವುಮುರುವಾಗಿ, ಕನ್ನಡಿಯಲ್ಲಿ ಕಂಡಂತೆ ಎಡಕ್ಕೆ ಓಡಿದ್ದವು. ಎಡಗೈಯವರ ಕೆಲಸ. ಸ್ಥಾಪಕರು ಬಲಗೈಯವರೆಂದು ಅವರ ಜೊತೆ ಮೀನು ಹಿಡಿದವರೆಲ್ಲ ಬಲ್ಲರು. ಪ್ರದರ್ಶನಕ್ಕೆ ಮುನ್ನ ಶುಚಿಮಾಡಲೆಂದು ಕ್ಲಬ್ಬಿನವರು ಕೊಟ್ಟಿದ್ದ ಕೋಲುಗಳು ಅಲ್ಲೇ ಗೋಡೆಗೆ ತೂಗುತ್ತಿದ್ದವು. ಸುರುಳಿ ಅವನ್ನೂ ದೀಪಕ್ಕೆ ಹಿಡಿದಳು. ಎಲ್ಲ ಬಲಸುತ್ತು, ಒಂದರ ಹೊರತು. ಅದೇ, ಕ್ಲಬ್ಬಿನವರು ಹಿರಿಯರ ಕೈಚಳಕದ ಕಳಸವೆಂದು ಕೊಂಡಾಡುತ್ತಿದ್ದ ಕೋಲು.

ಭಾನುವಾರ ಅವಳು ಅವನ ಮನೆಗೆ ಹೋದಳು. ಸೋದರತ್ತೆ ಎಡಗೈಯಲ್ಲೇ ಟೀ ಲೋಟ ನೀಡಿದಳು. ಸುರುಳಿ ತುಂಡು ಕೋಲು, ಒಂದು ಬಳೆ, ಒಂದು ಉಂಡೆ ದಾರ ಮುಂದಿಟ್ಟಳು. ಮುದುಕಿಯ ಬೆರಳು ನಡುಗುತ್ತಿದ್ದವು. ದಾರ ಬಿಗಿಯಾದದ್ದೇ ನಡುಕ ನಿಂತಿತು. ಸುತ್ತು ಎಡಕ್ಕೆ ಓಡಿತು. ಕೊನೆಯಲ್ಲಿ ಎಲ್ಲರಂತೆ ದಾರದ ತುದಿ ಕತ್ತರಿಸದೆ, ಅದನ್ನು ಬಳೆಯ ಬುಡದಡಿ ಮಡಿಚಿ ತೂರಿಸಿದಳು. ಅಲ್ಲಿ ಸಾಸಿವೆಯಷ್ಟು ಉಬ್ಬು ಉಳಿಯಿತು. ಎಡಸುತ್ತಿನ ಎರಡೂ ಕೋಲುಗಳಲ್ಲಿ ಇದ್ದದ್ದು ಅದೇ ಉಬ್ಬು.

“ಹೆಸರು ಬರೀಬೇಡ ಅಂದಿದ್ರು, ಬರೀಲಿಲ್ಲ. ದಾರ ಹೀಗೆ ಕಟ್ಟಬೇಡ ಅಂತ ಮಾತ್ರ ಯಾರೂ ಹೇಳ್ಲಿಲ್ಲ ಕಣಮ್ಮ,” ಎಂದಳು.

ಅವನು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ. ಸುರುಳಿ ಎದ್ದು ಹೋಗಿ ಪಕ್ಕದಲ್ಲಿ ನಿಂತಳು. ಕೈಗೆ ಕೈ ತಾಕಿತು. ಇಬ್ಬರೂ ಸರಿಸಲಿಲ್ಲ.

ಸುರುಳಿ ಇದನ್ನು ಕ್ಲಬ್ಬಿನ ಸಭೆಯ ಮುಂದಿಡಲಿದ್ದಾಳೆಂಬ ಸುದ್ದಿ ಅಣ್ಣನ ಕಿವಿಗೆ ಬಿದ್ದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಕ್ಲಬ್ಬನ್ನು ಎದುರುಹಾಕಿಕೊಂಡರೆ ಅಂಗಡಿಗೆ ಕೆಲಸ ಕೊಡುವವರು ಯಾರು, ಸತ್ತವರ ಹೆಸರಿಗೆ ಮಸಿ ಬಳಿದು ನಿನಗೇನು ಸಿಗುತ್ತದೆ ಎಂದು ಕೇಳಿದ. ಮಸಿ ಬಳಿಯುತ್ತಿಲ್ಲ, ಬದುಕಿರುವವಳ ಮುಖ ಒರೆಸುತ್ತಿದ್ದೇನೆ ಎಂದಳು ಅವಳು. ಕಡೆಗೆ ಅಣ್ಣ ದನಿ ತಗ್ಗಿಸಿದ.

“ಊರು ಏನಂತಿದೆ ಗೊತ್ತಾ? ಕನ್ನಡಕದವನ ಮೇಲಿನ ಮೋಹಕ್ಕೆ ಅವನ ಅತ್ತೆಗೆ ಪಟ್ಟ ಕಟ್ತಿದಾಳೆ ಅಂತ.”

ಆ ಮಾತಿನಲ್ಲಿ ಅರ್ಧ ನಿಜವಿತ್ತು.

ಅದೇ ಮಾತು ಅವನಿಗೂ ಮುಟ್ಟಿತ್ತು. ಆ ಸಂಜೆ ಅವನು ಒಳಗೆ ಬರದೆ ಹೊಸ್ತಿಲಲ್ಲೇ ನಿಂತ. ಕ್ಲಬ್ಬಿನ ಸಭೆ ಮುಗಿಯುವವರೆಗೆ ತಾನು ಇತ್ತ ಸುಳಿಯುವುದಿಲ್ಲ, ಆಗ ಅವಳ ಮಾತಿಗೆ ತೂಕ ಇರುತ್ತದೆ, ತನ್ನಿಂದ ಅವಳ ಕೆಲಸಕ್ಕೆ ಕಳಂಕ ಬರುವುದು ಬೇಡ ಎಂದ. ಹೇಳುವಾಗ ಅವಳ ಮುಖವನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ.

ಸುರುಳಿ ಎದ್ದು ಬಂದು ಅವನ ಎದುರೇ ನಿಂತಳು.

“ಆ ಕೋಲು ನಿಮ್ಮತ್ತೆ ಮಾಡಿದ್ದು ನಿಜ. ನನ್ನ ಮನಸ್ಸು ನಿನ್ನ ಮೇಲಿರೋದೂ ನಿಜ. ಒಂದನ್ನ ಉಳಿಸೋಕೆ ಇನ್ನೊಂದನ್ನ ನಾನ್ಯಾಕೆ ಬಚ್ಚಿಡ್ಲಿ?”

ನೀವು ಎಂಬುದು ನೀನು ಆದದ್ದನ್ನು ಅವನು ಗಮನಿಸಿದ. ಕಿವಿಯವರೆಗೂ ಕೆಂಪಾದ.

ಸಭೆಗೆ ಅವಳು ಅವನ ತೋಳು ಹಿಡಿದೇ ಹೋದಳು. ಇನ್ನೊಂದು ಪಕ್ಕದಲ್ಲಿ ಸೋದರತ್ತೆ ಇದ್ದಳು. ಅಣ್ಣ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಸುರುಳಿ ಎರಡೂ ಕೋಲುಗಳನ್ನು ಅಕ್ಕಪಕ್ಕ ಇಟ್ಟು, ಎಡಸುತ್ತನ್ನೂ ಉಬ್ಬನ್ನೂ ತೋರಿಸಿ, ಇವೆರಡನ್ನೂ ಮಾಡಿದವರು ಇಲ್ಲೇ ಕೂತಿದ್ದಾರೆ ಎಂದಳು. ಗುಸುಗುಸು ಎದ್ದಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ನಗುತ್ತಲೇ ಬಾಣ ಬಿಟ್ಟರು.

“ತಾವು ಆ ಮನೆಗೆ ಸಂಬಂಧಿಕರೇನು?”

“ಇನ್ನೂ ಇಲ್ಲ,” ಎಂದಳು ಸುರುಳಿ. “ಆಗ್ತೀನಿ. ಆದ ಮೇಲೂ ದಾರ ಎಡಕ್ಕೇ ಸುತ್ತಿರುತ್ತೆ. ಬಂದು ನೋಡಿ.”

ನೋಡಲು ಕಾರ್ಯದರ್ಶಿ ಬರಲಿಲ್ಲ. ಹೆಸರು ಬದಲಿಸುವ ಪ್ರಶ್ನೆಯೇ ಇಲ್ಲ ಎಂದು ಸಭೆ ಮುಗಿಸಿದರು. ಹಾಗಾದರೆ ನಮ್ಮ ಕೋಲು ನಮಗಿರಲಿ ಎಂದು ಸುರುಳಿ ಅದನ್ನೆತ್ತಿ ಸೋದರತ್ತೆಯ ಕೈಗೆ ಕೊಟ್ಟಳು. ಅವರು ಬಾಗಿಲು ದಾಟುವಾಗ ಮೂರ್ನಾಲ್ಕು ಹಳೆಯ ಗಾಳಗಾರರು ಮೇಜಿನ ಮೇಲೆ ಉಳಿದ ಕೋಲಿನ ಮೇಲೆ ಬಗ್ಗಿ, ದಾರದ ಮೇಲೆ ಬೆರಳಾಡಿಸುತ್ತಿದ್ದರು. ಅಣ್ಣ ಅವರಿಗೆ ಎಲ್ಲಿ ನೋಡಬೇಕೆಂದು ತೋರಿಸುತ್ತಿದ್ದ.

ಮೆಟ್ಟಿಲ ಮೇಲೆ ಬಿಸಿಲು ಚೆಲ್ಲಿತ್ತು. ಊರೆದುರು ಮದುವೆ ನಿಶ್ಚಯವಾಗಿಹೋಯಿತು, ತನ್ನನ್ನು ಮಾತ್ರ ಯಾರೂ ಕೇಳಲೇ ಇಲ್ಲ ಎಂದು ಅವನು ಗೊಣಗಿದ.

“ಈಗ ಕೇಳ್ತಿದೀನಿ,” ಎಂದಳು ಸುರುಳಿ. ಒಳಗೆ ಅಷ್ಟು ಜನರ ಮುಂದೆ ನಡುಗದ ದನಿ ಇಲ್ಲಿ ನಡುಗಿತು.

ಅವನು ಅವಳನ್ನೇ ನೋಡುತ್ತ ನಿಂತ. ಎರಡು ಮೆಟ್ಟಿಲು ಕೆಳಗೆ ಸೋದರತ್ತೆ ಕೋಲನ್ನು ಹೆಗಲಿಗೇರಿಸಿ ಕಾಯುತ್ತಿದ್ದಳು.

“ಬೇಗ ಹೂಂ ಅನ್ನೋ,” ಎಂದಳು. “ನಂಗೆ ಕೆರೆಗೆ ಹೋಗ್ಬೇಕು.”

ಅವನು ಹೂಂ ಅಂದ.