ಆರುನೂರು ಡಿಗ್ರಿಯ ಬಣ್ಣ

ಮಾವ ಹುಲಿಯಪ್ಪನವರು ತಮ್ಮ ಹಳೇ ಬುಲೆಟ್ಟನ್ನು ಕಿರಿಯ ಅಳಿಯ ಶಾಂತರಾಜುವಿಗೆ ಕೊಟ್ಟುಬಿಟ್ಟರು ಎಂಬ ಸುದ್ದಿ ನಂಜುಂಡೇಶನಿಗೆ ಮುಟ್ಟಿದ್ದು ಹೆಂಡತಿ ಭಾಗ್ಯಲಕ್ಷ್ಮಿಯ ಬಾಯಿಂದ, ಅದೂ ಊಟದ ನಡುವೆ. ಅವನು ಮುದ್ದೆ ನುಂಗುವುದನ್ನು ನಿಲ್ಲಿಸಲಿಲ್ಲ. ಹಿರಿಯ ಅಳಿಯನಾದವನು ಇಂಥದ್ದಕ್ಕೆಲ್ಲ ಮುಖ ಸಿಂಡರಿಸಬಾರದು. ಆದರೆ ಆ ಮುದ್ದೆ ಮಾರನೇ ದಿನವೂ ಎದೆಯಲ್ಲೇ ಕೂತಿತ್ತು.

ಮದುವೆಯಾದಾಗಿನಿಂದ ಆ ಗಾಡಿಯ ಮೇಲೆ ಅವನ ಕಣ್ಣು. ಮಲ್ಲಿಪಟ್ಟಣದ ಮಾವನ ಮನೆಗೆ ಹೋದಾಗಲೆಲ್ಲ ಜಗಲಿಯ ಪಕ್ಕ ನಿಂತಿರುತ್ತಿದ್ದ ಅದಕ್ಕೊಂದು ಸುತ್ತು ಬರುತ್ತಿದ್ದ, ಸೀಟಿನ ಧೂಳು ಒರೆಸುತ್ತಿದ್ದ, ಈಗಿನ ಗಾಡಿಗಳೆಲ್ಲ ಬರೀ ತಗಡು ಎಂದು ಮಾವನಿಗೆ ಕೇಳುವಂತೆ ಹೇಳುತ್ತಿದ್ದ. ಬೇಕು ಎಂದು ಮಾತ್ರ ಬಾಯಿಬಿಟ್ಟಿರಲಿಲ್ಲ. ಹಿರಿಯ ಅಳಿಯ ಕೇಳುವುದಿಲ್ಲ, ಅವನಿಗೆ ಕೊಡಬೇಕು. ಈಗ ನೋಡಿದರೆ ನಿನ್ನೆ ಮೊನ್ನೆ ತಾಳಿ ಕಟ್ಟಿದ ಶಾಂತರಾಜು ಹೊಳೆನರಸೀಪುರದ ಬಾಡಿಗೆ ಮನೆಯ ಮುಂದೆ ಅದನ್ನು ನಿಲ್ಲಿಸಿಕೊಂಡು, ಕಿಕ್ಕರ್ ಒದೆಯಲು ಬಾರದೆ ಪಕ್ಕದ ಮನೆಯವರನ್ನು ಕೂಗುತ್ತಾನೆ. ಚನ್ನರಾಯಪಟ್ಟಣದಲ್ಲಿ ಸ್ವಂತ ತೆಂಗಿನಕಾಯಿ ಮಂಡಿ ಇಟ್ಟಿರುವ ನಂಜುಂಡೇಶ ಮಾತ್ರ ಹೆಂಡತಿಯ ಸ್ಕೂಟಿಯಲ್ಲಿ ಹೊಟ್ಟೆಯನ್ನು ಹ್ಯಾಂಡಲಿಗೆ ತಾಗಿಸಿಕೊಂಡು ಓಡಾಡಬೇಕು. ಇದು ಶುದ್ಧ ಅನ್ಯಾಯ. ಕೋರ್ಟಿಗೆ ಹೋಗುವಂಥ ಅನ್ಯಾಯವಲ್ಲವಾದ್ದರಿಂದ ಅವನು ಕಳ್ಳತನವನ್ನು ಆರಿಸಿಕೊಂಡ.

ಕದಿಯುವುದು ಕಷ್ಟವಲ್ಲ. ಕದ್ದ ಗಾಡಿಯಿಂದ ಮಲ್ಲಿಪಟ್ಟಣದ ಅದೇ ಜಗಲಿಯ ಮುಂದೆ ಇಳಿಯುವುದು ಕಷ್ಟ. ಇಳಿಯದಿದ್ದರೆ ಕದ್ದೂ ದಂಡ. ನಮ್ಮ ಹಿರೀ ಅಳಿಯ ಸ್ವಂತಕ್ಕೊಂದು ಬುಲೆಟ್ ತಗೊಂಡನಲ್ಲ ಎಂದು ಮಾವನ ಹೊಟ್ಟೆಯೊಳಗೆ ಕಸಿವಿಸಿಯಾಗಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ. ಅದಕ್ಕಿದ್ದ ಅಡ್ಡಿ ಬಣ್ಣ. ಕಿಟಕಿ ಕಂಬಿಗೆಂದು ತಂದ ಗಿಳಿಹಸಿರು ಮಿಕ್ಕಿತೆಂದು ಹುಲಿಯಪ್ಪನವರು ಅದನ್ನೇ ಬುಲೆಟ್ಟಿಗೂ ಬ್ರಷ್ಷಿನಲ್ಲಿ ಬಳಿದಿದ್ದರು. ಹಾಸನ ಜಿಲ್ಲೆಯಲ್ಲಿ ಅಂಥ ಬುಲೆಟ್ ಇನ್ನೊಂದಿರಲಿಲ್ಲ. ಅರಕಲಗೂಡು ದಾಟುವಷ್ಟರಲ್ಲಿ ಹತ್ತು ಜನ ಹುಲಿಯಪ್ಪನವರು ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದರು.

ನಂಜುಂಡೇಶ ಆತುರಪಡಲಿಲ್ಲ. ಮಂಡಿಯಲ್ಲಿ ಕೂತು ಮೊಬೈಲಿನಲ್ಲಿ ಗಾಡಿಗೆ ಬಣ್ಣ ಹೊಡೆಯುವ ವಿಡಿಯೋಗಳನ್ನು ನೋಡಿದ. ಟ್ಯಾಂಕು, ಮಡ್‌ಗಾರ್ಡು, ಸೀಟು, ನಂಬರ್ ಪ್ಲೇಟು ಎಲ್ಲವನ್ನೂ ಹಾಸನದ ಗುಜರಿಯಲ್ಲಿ ಒಂದೊಂದಾಗಿ ಹೊಂದಿಸಿದ. ಬದಲಾಯಿಸಲು ಆಗದ್ದು ಫ್ರೇಮು, ಅಂದರೆ ಗಾಡಿಯ ಅಸ್ಥಿಪಂಜರ. ಹಸಿರು ಉಳಿಯುವುದು ಅಲ್ಲೇ. ಒಂದು ಕಲ್ಲು ಸಿಡಿದು ಚೂರು ಬಣ್ಣ ಎದ್ದರೆ ಅವನ ಮಾನವೂ ಅದರ ಜೊತೆಗೇ ಏಳುತ್ತದೆ. ಆದ್ದರಿಂದ ಫ್ರೇಮಿಗೆ ಜಗತ್ತಿನಲ್ಲೇ ಗಟ್ಟಿಯಾದ ಬಣ್ಣ ಬೇಕು ಎಂದು ತೀರ್ಮಾನಿಸಿದ.

ಹಾಸನದಲ್ಲಿ ಗಾಡಿ ಬಣ್ಣದ ಅಂಗಡಿ ಇಟ್ಟಿದ್ದ ಪರಮೇಶ್ ಅವನ ಮುಂದೆ ಸ್ಪ್ರೇ ಡಬ್ಬಗಳನ್ನು ಜೋಡಿಸಿದ.

"ಸೈಲೆನ್ಸರಿಗೆ ಈ ಹೀಟ್ ಪೇಂಟ್ ತಗಳಿ ಸಾ, ಆರುನೂರು ಡಿಗ್ರಿ ತಡೀತದೆ. ಫ್ರೇಮಿಗೆ ಪ್ರೈಮರ್ ಒಡ್ದು ಮೇಲೆ ಮಾಮೂಲಿ ಪೇಂಟ್ ಒಡೀರಿ. ಇಲ್ಲಾಂದ್ರೆ ಎಲ್ಲಾ ಬಿಚ್ಚಿ ಪೌಡರ್ ಕೋಟಿಂಗಿಗೆ ಕೊಡಿ, ಪುಡಿ ಬಣ್ಣ ಬೇಯ್ಸಿ ಕೂರುಸ್ತಾರೆ, ಗಾಡಿ ಇರೋಗಂಟ ಇರ್ತದೆ."

ಪೌಡರ್ ಕೋಟಿಂಗಿಗೆ ಕೊಟ್ಟರೆ ಫ್ರೇಮು ಇನ್ನೊಬ್ಬರ ಕೈಗೆ ಹೋಗುತ್ತದೆ, ಹಸಿರು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅದು ಆಗದ ಮಾತು. ಇನ್ನು ಮಾಮೂಲಿ ಬಣ್ಣದ ಯೋಗ್ಯತೆಯನ್ನು ಅವನು ಮಾವನ ಮನೆಯ ಕಿಟಕಿ ಕಂಬಿಯಲ್ಲೇ ನೋಡಿದ್ದ.

"ಮಾಮೂಲಿದು ಎಷ್ಟು ಡಿಗ್ರಿ ತಡೀತದೆ?"

"ನೂರೋ ನೂರಿಪ್ಪತ್ತೋ. ಅಷ್ಟು ಸಾಕು ಸಾ."

"ಎರಡಕ್ಕೂ ಹೀಟ್ ಪೇಂಟೇ ಕೊಡಿ. ಕರೀದು."

"ಫ್ರೇಮಿಗೆ ಅದ್ಯಾಕ್ ಸಾ? ಅದು ಏನಾಯ್ತದೆ ಅಂದ್ರೆ..."

"ರೇಟು ಜಾಸ್ತಿ ಅಂತ ತಾನೆ? ನಾನೇನ್ ಚೌಕಾಸಿ ಮಾಡಿದ್ನಾ?"

ಪರಮೇಶ್ ಡಬ್ಬಗಳನ್ನು ಕವರಿಗೆ ಹಾಕಿದ. ಗಿರಾಕಿಗೆ ಬುದ್ಧಿ ಹೇಳಿ ಅವನು ಉದ್ಧಾರವಾಗಬೇಕಿರಲಿಲ್ಲ. ಬೆಂಕಿಗೇ ಜಗ್ಗದ ಬಣ್ಣ ಕಲ್ಲುಮಣ್ಣಿಗೆ ಜಗ್ಗುತ್ತದೆಯೇ ಎಂದು ನಂಜುಂಡೇಶ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ನಕ್ಕ. ಕಳ್ಳರೆಲ್ಲ ಸಿಕ್ಕಿಬೀಳುವುದು ಚಿಲ್ಲರೆ ಉಳಿಸಲು ಹೋಗಿ. ತಾನು ಆ ಜಾತಿಯವನಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಶಾಂತರಾಜು ಗಂಡ ಹೆಂಡತಿ ಮದುವೆಯೊಂದಕ್ಕೆ ಮೈಸೂರಿಗೆ ಹೋದ ಭಾನುವಾರ ನಂಜುಂಡೇಶ ಹೊಳೆನರಸೀಪುರದಲ್ಲಿ ಬಸ್ಸಿಳಿದ. ಗಾಡಿಯ ಎರಡನೇ ಕೀಲಿ ಮಾವನ ಮನೆಯ ಕ್ಯಾಲೆಂಡರಿನ ಮೊಳೆಯಲ್ಲಿ ಈಗಲೂ ನೇತಾಡುತ್ತಿದ್ದದ್ದನ್ನು ಅವನು ಮೊದಲೇ ಜೇಬಿಗೆ ಸೇರಿಸಿದ್ದ. ಮುಖ ಪೂರಾ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಹಾಡಹಗಲೇ ಗಾಡಿ ಹತ್ತಿದ. ಪಕ್ಕದ ಮನೆಯ ಹೆಂಗಸು ಗೇಟಿನಿಂದ ನೋಡಿ, "ಪರವಾಗಿಲ್ಲ, ಇವತ್ತು ಒಂದೇ ಒದೆಗೆ ಸ್ಟಾರ್ಟಾಯ್ತಲ್ಲ," ಎಂದಳು. ಅವನು ತಲೆಯಾಡಿಸಿ ಹೊರಟುಬಿಟ್ಟ. ಆ ಮಾತಿನ ಖುಷಿ ಗೊರೂರು ತಲುಪುವವರೆಗೂ ಅವನನ್ನು ಬಿಡಲಿಲ್ಲ.

ಗೊರೂರಿನಲ್ಲಿ ತೀರಿಕೊಂಡ ಚಿಕ್ಕಪ್ಪನ ಖಾಲಿ ಶೆಡ್ಡು ಇತ್ತು. ಅಲ್ಲಿ ಅವನು ಗಾಡಿಯನ್ನು ಬಿಚ್ಚಿ, ಫ್ರೇಮನ್ನು ಉಪ್ಪುಕಾಗದದಲ್ಲಿ ಮೇಲ್ಮೇಲೆ ತಿಕ್ಕಿ, ಅದಕ್ಕೂ ಸೈಲೆನ್ಸರಿಗೂ ತೆಳುವಾಗಿ ಒಂದರ ಮೇಲೊಂದು ಕೋಟು ಹೊಡೆದ. ಬಂಡಿಜಾಡಿನ ಹಾಗೆ ಎದ್ದು ಕಾಣುತ್ತಿದ್ದ ಮಾವನ ಬ್ರಷ್ಷಿನ ಗೀರುಗಳೂ ಮಾಯವಾದವು. ಗುಜರಿಯಿಂದ ತಂದ ಕರೀ ಭಾಗಗಳನ್ನು ಹಾಕಿ ಗಾಡಿಯನ್ನು ಮತ್ತೆ ಜೋಡಿಸಿದ. ಹೀಟ್ ಪೇಂಟ್ ಹೊಡೆದ ಮೇಲೆ ಎಂಜಿನ್ ಓಡಿಸಿ ಸೈಲೆನ್ಸರನ್ನು ನಿಧಾನಕ್ಕೆ ಕಾಯಿಸಬೇಕು ಎಂದು ವಿಡಿಯೋದಲ್ಲಿ ಹೇಳಿದ್ದನ್ನು ಅವನು ಮರೆಯಲಿಲ್ಲ. ಸ್ವಲ್ಪ ಹೊತ್ತು ಓಡಿಸಿದ, ಆರಲು ಬಿಟ್ಟ, ಮತ್ತೆ ಓಡಿಸಿದ. ಸೈಲೆನ್ಸರಿನಿಂದ ಗಬ್ಬು ಹೊಗೆ ಎದ್ದು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಮೇಲೆ ಇಡೀ ಗಾಡಿಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ಒದ್ದೆ ಬಟ್ಟೆಯಲ್ಲಿ ತಿಕ್ಕಿದ. ಒಂದು ಚುಕ್ಕೆ ಕದಲಲಿಲ್ಲ. ಕರ್ರಗೆ ನಿಂತ ಗಾಡಿಯನ್ನು ನೋಡಿ ಅವನಿಗೆ ನಿಜಕ್ಕೂ ಮುದ್ದು ಬಂತು.

ದೂರು ಕೊಡಲು ಶಾಂತರಾಜುವಿನ ಜೊತೆ ಪೊಲೀಸ್ ಠಾಣೆಗೆ ಹೋದವನೂ ಅವನೇ. ಮನೆಗೆ ಹಿರಿಯ ಎಂದ ಮೇಲೆ ಹೋಗಬೇಕಲ್ಲ. ಆಚೆ ಬಂದ ಮೇಲೆ ಶಾಂತರಾಜು ಕಣ್ಣೊರೆಸಿಕೊಂಡ.

"ಅಣ್ಣ, ಮಾವನ ಮುಂದೆ ಎಂಗ್ ಮುಖ ತೋರ್ಸ್ಲಿ?"

"ಓಗ್ಲಿ ಬಿಡ್ಲಾ. ಅಂಥ ಗಾಡಿ ಮಡಗೋಕೆ ಯೋಗ ಬೇಕು ಕಣ, ಎಲ್ರಿಗೂ ಇರಲ್ಲ," ಎಂದು ನಂಜುಂಡೇಶ ಅವನ ಬೆನ್ನು ಸವರಿ, ಕಾಫಿ ಕೊಡಿಸಿ, ತಾನೂ ಒಂದು ವಡೆ ತಿಂದ.

ಆಯುಧಪೂಜೆಗೆ ಇಬ್ಬರು ಅಳಿಯಂದಿರೂ ಮಲ್ಲಿಪಟ್ಟಣಕ್ಕೆ ಬರುವುದು ವಾಡಿಕೆ. ಶಾಂತರಾಜು ಬಸ್ಸಿನಲ್ಲಿ ಬಂದಿದ್ದ. ನಂಜುಂಡೇಶ ಭಾಗ್ಯಲಕ್ಷ್ಮಿಯನ್ನು ಹಿಂದೆ ಕೂರಿಸಿಕೊಂಡು ಅರಕಲಗೂಡು ಪೇಟೆಯ ನಡುವೆಯೇ ಬಂದ. ಹುಲಿಯಪ್ಪನವರು ಚೆನ್ನಾಗಿದ್ದಾರಾ ಎಂದು ಒಬ್ಬನೂ ಕೇಳಲಿಲ್ಲ. ಜಗಲಿಯ ಮುಂದೆ ಗಾಡಿ ನಿಂತಾಗ ಮಾವ ಎದ್ದು ಬಂದು ಒಂದು ಸುತ್ತು ನೋಡಿ ಟ್ಯಾಂಕಿನ ಮೇಲೆ ಕೈಯಾಡಿಸಿದರು.

"ಒಳ್ಳೇ ಗಾಡಿ ತಗಂಡ್ರಿ ಅಳಿಯಂದ್ರೆ. ಸವುಂಡು ಕೇಳಿ ನಮ್ದೇ ಬಂತೇನೋ ಅನ್ಕಂಡೆ."

"ಎಲ್ಲಾ ಬುಲೆಟ್ಟೂ ಅಂಗೇ ಅಲ್ವಾ ಮಾವ," ಎಂದ ನಂಜುಂಡೇಶ, ಬೇಕೆಂದೇ ಶಾಂತರಾಜುವಿನ ಕಡೆ ತಿರುಗದೆ.

ಹುಲಿಯಪ್ಪನವರು ದನಿ ತಗ್ಗಿಸಿದರು. "ನಿಜ ಏಳ್ತೀನಿ, ಆ ಗಾಡೀನ ನಿಮ್ಗೇ ಅಂತ ಮಡಗಿದ್ದೆ. ನೀವು ಒಂದಿನಾನೂ ಬೇಕು ಅನ್ಲಿಲ್ಲ. ಮಂಡಿ ಯಜಮಾನ್ರು, ಈ ಹಳೇ ಡಬ್ಬ ಕೊಟ್ರೆ ಏನ್ ತಿಳ್ಕಂಡಾರೋ ಅಂತ ನಾನೂ ಸುಮ್ಕಿದ್ದೆ. ಇವ್ನು ಬಂದು ಕೊಡಿ ಮಾವ ಅಂದ. ಕೊಟ್ಬುಟ್ಟೆ."

ನಂಜುಂಡೇಶನಿಗೆ ಅಳು ಬಂದಂತಾಯಿತು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಈ ಕೆಮ್ಮು, ಈ ಗುಜರಿ, ಆ ಹೆಲ್ಮೆಟ್ ಯಾವುದೂ ಬೇಕಿರಲಿಲ್ಲ. ಆದರೂ ಈಗ ಗಾಡಿ ತನ್ನದೇ, ಗೌರವವೂ ತನ್ನದೇ ಎಂದು ಸಮಾಧಾನ ಮಾಡಿಕೊಂಡು, ಪೂಜೆಗೆ ಗಾಡಿ ತೊಳೆಯಲು ಪ್ಯಾಂಟು ಮಡಚಿದ. ಅತ್ತೆ ಲಕ್ಕಮ್ಮ ಬಾಗಿಲಿನಿಂದಲೇ ತಡೆದರು.

"ನೀವ್ ಕೂತ್ಕಳಿ ಅಳಿಯಂದ್ರೆ. ಅಳೀನ್ ಕೈಲಿ ಗಾಡಿ ತೊಳುಸ್ತಾರೆ ಅಂತ ಊರೋರು ಆಡ್ಕಳಕ್ಕಾ? ಅವರೇ ತೊಳೀತಾರೆ."

ಅದೂ ಸರಿಯೇ ಎನಿಸಿತು. ಮಾವ ತನ್ನ ಗಾಡಿ ತೊಳೆಯುವುದನ್ನು ಜಗಲಿಯ ಮೇಲೆ ಕೂತು ನೋಡುವುದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ. ಭಾಗ್ಯಲಕ್ಷ್ಮಿ ತಟ್ಟೆಯಲ್ಲಿ ಒಬ್ಬಟ್ಟು ತಂದಿಟ್ಟಳು. ಶಾಂತರಾಜು ಚೊಂಬಿನಲ್ಲಿ ನೀರು ಹಾಕಿದ, ಮಾವ ಪಂಚೆ ಎತ್ತಿಕಟ್ಟಿ ಉಜ್ಜಿದರು. ಬಣ್ಣ ಗೊರೂರಿನಲ್ಲಿ ನಿಂತ ಹಾಗೇ ಇಲ್ಲಿಯೂ ನಿಂತಿತು. ನಂಜುಂಡೇಶ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡ.

ಹಳೇ ಬುಲೆಟ್ಟಿನವರಿಗೆ ನೀರಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಹುಲಿಯಪ್ಪನವರು ಹರಿದ ಬನಿಯನ್ನಿನ ಚೂರೊಂದನ್ನು ಪೆಟ್ರೋಲಿನಲ್ಲಿ ಅದ್ದಿ ಮೊದಲು ಸೈಲೆನ್ಸರ್ ಒರೆಸಿದರು, ಬಟ್ಟೆಗೆ ಬರೀ ಧೂಳು ಬಂತು. ಆಮೇಲೆ ಫ್ರೇಮಿಗೆ ಕೈ ಹಾಕಿದರು. ಬಟ್ಟೆ ಕರ್ರಗಾಯಿತು. ಚೈನಿನ ಗ್ರೀಸು ಎಂದುಕೊಂಡು ಅವರು ಇನ್ನೂ ಮುತುವರ್ಜಿಯಿಂದ ಉಜ್ಜಿದಾಗ ಗೇಣುದ್ದ ಗಿಳಿಹಸಿರು ಆಚೆಗೆ ಬಂತು. ಶಾಂತರಾಜು ಚೊಂಬು ಕೆಳಗಿಟ್ಟ. ಮಾವ ಒಮ್ಮೆ ಫ್ರೇಮನ್ನು, ಒಮ್ಮೆ ತಮ್ಮ ಮನೆಯ ಕಿಟಕಿಯನ್ನು ನೋಡಿ, ಕೊನೆಗೆ ನಿಧಾನವಾಗಿ ಹಿರಿಯ ಅಳಿಯನ ಕಡೆ ತಿರುಗಿದರು. ಪರಮೇಶ್ ಅಂದು ಏನು ಹೇಳಲು ಹೊರಟಿದ್ದ ಎನ್ನುವುದು ನಂಜುಂಡೇಶನಿಗೆ ಬಾಯ್ತುಂಬ ಒಬ್ಬಟ್ಟು ಇಟ್ಟುಕೊಂಡು ಈಗ ಹೊಳೆಯಿತು. ಆ ಬಣ್ಣ ಕಾದ ಮೇಲೇ ಗಟ್ಟಿಯಾಗುವುದು, ಅಲ್ಲಿಯತನಕ ಹಸಿಯೇ, ನೀರಿಗೆ ಜಗ್ಗದಿದ್ದರೂ ಪೆಟ್ರೋಲಿಗೆ ಕರಗುತ್ತದೆ. ಸೈಲೆನ್ಸರ್ ಕಾಯುತ್ತದೆ. ಬುಲೆಟ್ಟನ್ನು ಎಷ್ಟು ಊರು ಸುತ್ತಿಸಿದರೂ ಫ್ರೇಮು ಕಾಯುವುದಿಲ್ಲ.