ಮ್ಯೂರಿಯಲ್ ಹೊಲಿದ ಬೆಳ್ಳಿ ಉಡುಪು

"ಹುಡುಗಿ ಎಲ್ಲಿ?" ಎಂದು ಮ್ಯೂರಿಯಲ್ ಕೇಳಿದಳು.

"ಯಾವ ಹುಡುಗಿ?"

"ನಿಮ್ಮ ಡ್ಯಾನ್ಸ್ ಜೋಡಿ. ಚಮಕಿ ಡ್ರೆಸ್ ಬೇಕು ಅಂತ ಹೇಳಿ ಕಳಿಸಿದ್ರಲ್ಲ, ಅವಳಿಲ್ದೆ ಅಳತೆ ತಗೊಳ್ಳೋದು ಹೇಗೆ?"

ಬಾಗಿಲಲ್ಲಿ ನಿಂತಿದ್ದ ಎತ್ತರದ ಗಂಡಸು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅಳತೆ ನಂದೇ ಕಣ್ರೀ. ಬೆಳ್ಳಿ ಬಣ್ಣ. ಕತ್ತಿಂದ ಕಾಲಿನವರೆಗೆ ಒಂದೇ ಉಡುಪು. ಚಮಕಿ ಎಷ್ಟು ಹಿಡಿಯುತ್ತೋ ಅಷ್ಟು."

ಮ್ಯೂರಿಯಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಂಗ್ಲೆಂಡಿನ ಕಡಲೂರು ಬ್ಲ್ಯಾಕ್‌ಪೂಲ್‌ನ ಮೀನಂಗಡಿಯ ಮೇಲಿನ ಈ ಕೋಣೆಯಲ್ಲಿ ಅವಳು ಬಾಲ್‌ರೂಮ್ ನರ್ತಕಿಯರಿಗೆ ಹೊಲಿಯತೊಡಗಿ ವರ್ಷಗಳಾಗಿದ್ದವು. ಗಂಡಸೊಬ್ಬ ತನಗೆಂದು ಚಮಕಿ ಕೇಳಿದ್ದು ಇದೇ ಮೊದಲು. ಆದರೆ ಅದು ೧೯೭೨. ಟಿವಿಯಲ್ಲಿ ಗಂಡಸರು ರೆಪ್ಪೆಗೆ ಬಣ್ಣ ಬಳಿದು, ಗೇಣೆತ್ತರದ ಹಿಮ್ಮಡಿಯ ಬೂಟು ಮೆಟ್ಟಿ ಗಿಟಾರ್ ಬಾರಿಸುತ್ತಿದ್ದರು. ಅಪ್ಪಂದಿರು ಸಿಡುಕುತ್ತಿದ್ದರು, ಹೆಣ್ಣುಮಕ್ಕಳು ಕಿರುಚುತ್ತಿದ್ದರು. ಗ್ಲ್ಯಾಮ್ ರಾಕ್ ಎಂದು ಅದಕ್ಕೆ ಹೆಸರು ಬಿದ್ದಿತ್ತು.

ಬಂದವನು ಡೆರಿಕ್ ಫಜಾಕರ್ಲಿ. ಮೀಸೆ ಮೂಡುವ ಮೊದಲೇ ಹಾಡಲು ಹೊರಟು, ಹಾಡುಗಾರರ ಪ್ರತಿ ಹೊಸ ಫ್ಯಾಷನ್ನಿನ ಬೆನ್ನು ಹತ್ತಿದವನು. ಒಮ್ಮೆ ಕೂದಲಿಗೆ ಎಣ್ಣೆ ಮೆತ್ತಿಕೊಂಡು, ಒಮ್ಮೆ ಕಾಲರ್ ಇಲ್ಲದ ಕೋಟು ತೊಟ್ಟು, ಒಮ್ಮೆ ಕೊರಳಿಗೆ ಹೂವು ಸುತ್ತಿಕೊಂಡು. ಪ್ರತಿ ಸಲವೂ ಬಸ್ಸು ಹೊರಟ ಮೇಲೆ ಸ್ಟಾಪಿಗೆ ಬಂದವನ ಹಾಗೆ. ಈಗ ವಯಸ್ಸು ಮೂವತ್ತಾರು, ವೇದಿಕೆಗೆಂದು ಇಟ್ಟುಕೊಂಡ ಹೊಸ ಹೆಸರು ಜೆಟ್ ಲವೆಲ್.

"ಹೊಟ್ಟೆ ಒಳಗೆಳ್ಕೋಬೇಡಿ," ಎಂದಳು ಟೇಪು ಹಿಡಿದು.

"ಎಳ್ಕೊಂಡಿಲ್ಲ."

"ಮತ್ತೆ ಮುಖ ಯಾಕೆ ಕೆಂಪಾಗಿದೆ?"

"ಅದು ಬೇರೆ ಕಾರಣಕ್ಕೆ."

ಅವಳು ತಲೆ ಎತ್ತಲಿಲ್ಲ. ಟೇಪಿನ ಅಂಕಿಯನ್ನು ಮಾತ್ರ ಇನ್ನೊಮ್ಮೆ ಓದಬೇಕಾಯಿತು.

ತೋಳು ಬಿಗಿ ಎಂದು ಬಂದ. ತೋಳು ಸಡಿಲ ಎಂದು ಬಂದ. ಕೊನೆಗೆ ಯಾವ ನೆಪವೂ ಹೇಳದೆ ಕರಿದ ಆಲೂಗಡ್ಡೆಯ ಬಿಸಿ ಚಿಪ್ಸ್ ಹಿಡಿದುಕೊಂಡು ಬಂದ. ಇಬ್ಬರೂ ಸಮುದ್ರದ ಕಟ್ಟೆಯ ಮೇಲೆ ಗಾಳಿಗೆ ಬೆನ್ನು ಹಾಕಿ ತಿಂದರು. ವಿನೆಗರ್ ಅಂಟಿದ ಬೆರಳು ನೆಕ್ಕುತ್ತಾ ಅವಳು ಲಿಯೊನಾರ್ಡನ ವಿಷಯ ಹೇಳಿದಳು. ಅವನು ಅವಳ ಡ್ಯಾನ್ಸ್ ಜೋಡಿ, ಮದುವೆಯ ಮಾತೂ ಆಗಿತ್ತು. ಕಪ್ ಗೆಲ್ಲತೊಡಗಿದ ಮೇಲೆ ಬೇರೊಬ್ಬಳ ಜೊತೆ ಕುಣಿದ. ಜನರೆದುರು ಮ್ಯೂರಿಯಲ್‌ಳ ಗುರುತೇ ಇಲ್ಲದವನಂತೆ ನಡೆದುಹೋದ.

"ಕುರುಡನಿರಬೇಕು," ಎಂದ ಡೆರಿಕ್.

"ಕಣ್ಣು ಚೆನ್ನಾಗಿತ್ತು. ಅದೇ ಬೇಜಾರು."

ವಸಂತದಲ್ಲಿ ಅವನ ಹಾಡು ಜನಪ್ರಿಯ ಹಾಡುಗಳ ಪಟ್ಟಿ ಏರಿತು. ಟಿವಿಗೆ ಕರೆ ಬಂತು. ಹೊರಡುವ ಮುಂಚೆ ಉಡುಪು ಒಯ್ಯಲು ಬಂದವನು ಕುರ್ಚಿಯ ಅಂಚಿನಲ್ಲಿ ಕುಳಿತ.

"ರೆಕಾರ್ಡ್ ಕಂಪನಿಯ ಪೆಲ್ಹಮ್ ನನ್ನ ವಯಸ್ಸನ್ನ ಇಪ್ಪತ್ನಾಲ್ಕು ಮಾಡಿದಾನೆ."

"ನನಗೂ ಮಾಡ್ಕೊಡ್ತಾನಾ ಕೇಳು."

ಅವನು ನಗಲಿಲ್ಲ. "ಹುಡುಗಿ ಇರಬಾರದಂತೆ, ಮ್ಯೂರಿಯಲ್. ರೆಕಾರ್ಡ್ ಕೊಳ್ಳೋ ಹೆಣ್ಮಕ್ಕಳಿಗೆ ಬೇಜಾರಾಗುತ್ತಂತೆ. ನೀನು ಲಂಡನ್‌ಗೆ ಬಾ. ಬಟ್ಟೆ ನೋಡ್ಕೊಳ್ಳೋಳು ಅಂತ ಹೇಳಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ."

ಅವಳು ಉಡುಪನ್ನು ಮಡಿಸಿ, ಕಾಗದ ಸುತ್ತಿ, ದಾರ ಬಿಗಿದಳು.

"ಹೊಲ್ಕೊಡು ಅಂದ್ರೆ ಎಷ್ಟು ಬೇಕಾದ್ರೂ ಹೊಲೀತೀನಿ. ಬಚ್ಚಿಟ್ಕೊಂಡು ಕೂರು ಅಂದ್ರೆ ಆಗಲ್ಲ. ಹೋಗಿ ಬಾ ಡೆರಿಕ್. ಚೆನ್ನಾಗಿ ಹಾಡು."

ಅವನು ಗಂಟನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ಕೆಳಗಿನ ಮೀನಂಗಡಿಯ ಡೋರೀನ್‌ಳ ಟಿವಿಯಲ್ಲಿ ಅವಳು ಅವನನ್ನು ನೋಡಿದಳು. ಬೆಳ್ಳಿಯ ಮೈ, ನೀಲಿ ರೆಪ್ಪೆ. "ಚೆನ್ನಾಗಿ ಕಾಣ್ತಾನೆ ಕಣೇ," ಎಂದಳು ಡೋರೀನ್. "ಎಡ ಭುಜ ಸ್ವಲ್ಪ ಎಳೀತಿದೆ," ಎಂದು ಮ್ಯೂರಿಯಲ್ ಎದ್ದುಹೋದಳು.

ಬೇಸಿಗೆಯಲ್ಲಿ ಅವನ ತಂಡ ಬ್ಲ್ಯಾಕ್‌ಪೂಲ್‌ಗೆ ಬಂತು. ಶನಿವಾರ ಮಧ್ಯಾಹ್ನ ಹಾಲ್ ತುಂಬ ಶಾಲೆಯ ಹುಡುಗಿಯರು. ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಉಡುಪಿನ ಬೆನ್ನು ಬಿರಿಯಿತೆಂದು ಡ್ರಮ್ಮರ್ ಓಡಿಬಂದು ಅವಳನ್ನು ಕರೆದ. ಹೋಗಬಾರದು ಎಂದುಕೊಳ್ಳುತ್ತಲೇ ಅವಳು ಸೂಜಿ ಡಬ್ಬಿ ಎತ್ತಿಕೊಂಡಳು.

ಗ್ರೀನ್‌ರೂಮಿನಲ್ಲಿ ಡೆರಿಕ್ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಲಂಡನ್‌ನಲ್ಲಿ ಚೆನ್ನಾಗಿ ಹಾಕಿದಾರೆ ಊಟ," ಎಂದಳು.

"ಊಟ ಸೇರ್ತಿರ್ಲಿಲ್ಲ. ಬರೀ ಬಿಯರ್ ಕುಡೀತಿದ್ದೆ."

ಅವಳು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿ ಕೆಲಸ ಶುರುಮಾಡಿದಳು. ಹುಡುಗಿಯರ ಪತ್ರಿಕೆಯಿಂದ ಬಂದಿದ್ದ ವರದಿಗಾರ್ತಿ ಪೆನ್ಸಿಲ್ ಎತ್ತಿ, "ಇವರು ಯಾರು?" ಎಂದಳು.

"ಯಾರೂ ಅಲ್ಲ," ಎಂದ ಅವಳ ಪಕ್ಕದಲ್ಲೇ ನಿಂತಿದ್ದ ಪೆಲ್ಹಮ್. "ಕೆಲಸದವಳು."

ಮ್ಯೂರಿಯಲ್‌ಳ ಕೈ ಒಂದು ಕ್ಷಣ ನಿಂತಿತು. ಬೆರಳ ಕೆಳಗೆ ಅವನ ಬೆನ್ನು ಬಿಗಿಯಾದದ್ದು ಅವಳಿಗೆ ಗೊತ್ತಾಯಿತು.

"ನಾನು ಮದುವೆ ಆಗ್ಬೇಕು ಅಂತಿರೋಳು," ಎಂದ ಡೆರಿಕ್ ಗೋಡೆಗೆ. "ಇನ್ನೂ ಕೇಳಿಲ್ಲ. ನನಗೆ ಮೂವತ್ತಾರು ವರ್ಷ. ಅದನ್ನೂ ಬರ್ಕೊಳ್ಳಿ."

"ಇದು ಅಚ್ಚಾದ್ರೆ ಮುಂದಿನ ರೆಕಾರ್ಡ್ ಇಲ್ಲ, ಗೊತ್ತಲ್ಲ?" ಪೆಲ್ಹಮ್‌ನ ದನಿ ತಣ್ಣಗಿತ್ತು.

"ಗೊತ್ತು." ವರದಿಗಾರ್ತಿಯ ಕಡೆ ಕತ್ತು ತಿರುಗಿಸಿ ಡೆರಿಕ್ ಹೇಳಿದ, "ಹೆಸರು ಮ್ಯೂರಿಯಲ್ ಹ್ಯಾಲ್ಸಾಲ್."

ಪೆಲ್ಹಮ್ ಹೇಳಿದಂತೆಯೇ ಆಯಿತು. ಮುಂದಿನ ರೆಕಾರ್ಡ್ ಬರಲೇ ಇಲ್ಲ. ಅದು ಆಮೇಲಿನ ಮಾತು. ಆಗ ಹೊರಗೆ ಹುಡುಗಿಯರು ನೆಲ ಕುಟ್ಟುತ್ತಿದ್ದರು. ಮ್ಯೂರಿಯಲ್ ಹೊಲಿಗೆಯನ್ನು ಕೊನೆ ಮುಟ್ಟಿಸಿ, ದಾರ ಕತ್ತರಿಸಿ, ತುಟಿಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನೀಲಿ ಬಣ್ಣ ಅವನ ಕೆನ್ನೆಗೆ ಇಳಿದಿತ್ತು. ಹೆಬ್ಬೆರಳಿನಿಂದ ಒರೆಸಿದಳು.

"ಇನ್ನೂ ಕೇಳಿಲ್ಲ ಅಂದ್ಯಲ್ಲ," ಎಂದಳು. "ಕೇಳು."